ಹಳೆಯ ದಾಸ್ತಾನಿನ ಡೀಸೆಲ್ ಇಂಜೆಕ್ಟರುಗಳನ್ನು ಜೋಡಿಸುವುದಕ್ಕೆ ಮುಂಚೆ ಪರೀಕ್ಷಿಸಿ ಶುದ್ಧಿಮಾಡುವ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ವಿದ್ಯುತ್ ಪಂಪುಗಳು ಹೆಚ್ಚಿದ ಮೇಲೆ ಡೀಸೆಲ್ ಎಂಜಿನ್ನುಗಳು ಬಹುಮಟ್ಟಿಗೆ ಕೊಟ್ಟಿಗೆಯ ಮೂಲೆಯನ್ನು ಸೇರಿವೆ. ಆದಾಗ್ಯೂ ಅವುಗಳ ಪ್ರಯೋಜನವು ತೀರಿತೆಂದು ಭಾವಿಸತಕ್ಕದ್ದಲ್ಲ. ಹೊಳೆಯ ದಡದಲ್ಲಿಯೂ ಕೆರೆಗಳ ಹಿಂಬದಿಯಲ್ಲಿಯೂ ತಂತಿಯು ಮುಟ್ಟದ ಜಮೀನುಗಳುಂಟು. ತಂತಿಯಿರುವ ಕಡೆಯಲ್ಲಿಯೂ ವಿದ್ಯುತ್ತು ಬೇಕೆಂದ ಗಳಿಗೆಗೆ ದೊರೆಯುವುದಿಲ್ಲ. ಹಾಸನದ ಸುತ್ತಣ ಆಲೂಗೆಡ್ಡೆಯನ್ನು ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತುವರು. ಜಲಂಧರದಿಂದ ಬಂದ ಬೀಜಕ್ಕೆ ಹಣ ಸುರಿದು, ಗೊಬ್ಬರ ಹಾಕಿ, ಗೆಡ್ಡೆ ಕಟ್ಟುವ ಕಾಲಕ್ಕೆ ಮಳೆಯು ತಪ್ಪಿದರೆ, ಒಂದೆರಡು ತೇವದ ನೀರಿನಿಂದ ಪೈರು ಉಳಿಯುವುದುಂಟು, ಅದಿಲ್ಲದೆ ಕೆಡುವುದುಂಟು. ಅರಕಲಗೂಡು, ರಾಮನಾಥಪುರಗಳ ಕಡೆಯಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ಬೇಸಗೆಯಲ್ಲಿ ನಿತ್ಯವೂ ನೀರು ಬೇಕು. ಚನ್ನರಾಯಪಟ್ಟಣದ ಎಳೆಯ ತೆಂಗಿನ ತೋಟಗಳ ಸಂಗತಿಯೂ ಇಂಥದೇ. ಇಂಥ ದಿನಗಳಲ್ಲಿಯೇ ಮೂಲೆಯ ಎಂಜಿನ್ನನ್ನು ಹೊರಕ್ಕೆ ಎಳೆಯುವುದು. ಅದು ಹತ್ತದೆ ಇರುವುದು. ಇಂಜೆಕ್ಟರು ಕೆಟ್ಟಿದೆಯೆಂದು ಕೆಲಸದವನು ಹೇಳುವುದು. ಯಜಮಾನನು ಪೇಟೆಗೆ ಓಡಿ ಯಾವುದೋ ಅಂಗಡಿಯ ಅಟ್ಟದ ಮೇಲಿದ್ದ ಹಳೆಯ ಡಬ್ಬಿಯೊಂದನ್ನು ಅಗ್ಗದಲ್ಲಿ ತಂದು, ಹೊಸದಲ್ಲವೇ ಎಂದು ಹಾಗೆಯೇ ತಿರುಗಿಸಿಬಿಡುವುದು. ಈ ಕಡೆಯ ಕೆಲಸವೇ ಹಾನಿಗೆ ಮೂಲವಾದದ್ದು.

ಇಂಥ ಹಳೆಯ ಸರಕು ಈ ಸೀಮೆಯಲ್ಲಿ ಸಿಕ್ಕುವುದಕ್ಕೆ ಕಾರಣವುಂಟು. ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪುಗಳನ್ನು ಜರ್ಮನಿಯ ಬಾಷ್ ಕಂಪೆನಿಯವರು 1927ರಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿದರು. ಅವರ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು ಬೆಂಗಳೂರಿನಲ್ಲಿ ಈ ಸಾಮಾನುಗಳನ್ನು ಮಾಡುತ್ತ ಬಂದಿತು. ರೈತರ ಬಾಯಲ್ಲಿ ಅದು ಮೈಕೋ. 2008ರಲ್ಲಿ ಆ ಕಂಪೆನಿಗೆ ಬಾಷ್ ಎಂದೇ ಹೆಸರಾಯಿತು. ಆದುದರಿಂದ ಡಬ್ಬಿಯ ಮೇಲೆ ಕಂಪೆನಿಯ ಹಳೆಯ ಹೆಸರು ಪೂರ್ತಿಯಾಗಿ ಅಚ್ಚಾಗಿದ್ದರೆ, ಒಳಗಿನ ಮಾಲು ಬಹುಮಟ್ಟಿಗೆ ಹತ್ತಾರು ವರ್ಷಗಳದೆಂದು ತಿಳಿಯಬಹುದು. ಹಳೆಯದಾದ ಮಾತ್ರಕ್ಕೆ ಕೆಟ್ಟದ್ದೆಂದು ಅರ್ಥವಲ್ಲ. ಚೆನ್ನಾಗಿ ಕಾಪಾಡಿದ ಹಳೆಯ ನಾಜಲ್ಲು ಸಂತೆಯಲ್ಲಿ ಮಾರುವ ಹೆಸರಿಲ್ಲದ ಹೊಸ ನಾಜಲ್ಲಿಗಿಂತ ಎಷ್ಟೋ ಮೇಲು. ಆದರೆ ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ಡಬ್ಬಿಯನ್ನು ನೋಡಿ ಗೊತ್ತಾಗತಕ್ಕದ್ದಲ್ಲ.

ಇಂಜೆಕ್ಟರು ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಎಂಜಿನ್ನಿನೊಳಗೆ ಪಿಸ್ಟನ್ನು ಗಾಳಿಯನ್ನು ಒತ್ತಿ ಕಾಯಿಸಿದ ಕ್ಷಣದಲ್ಲಿ, ಡೀಸೆಲ್ಲನ್ನು ಮಂಜಿನಂತೆ ಸಣ್ಣ ತುಂತುರಾಗಿ ಒಳಕ್ಕೆ ಎರಚುವುದು ಇದರ ಕೆಲಸ. ನಾಜಲ್ಲಿನೊಳಗೆ ಒಂದು ಉಕ್ಕಿನ ಸೂಜಿಯಿರುವುದು. ಬಲವಾದ ಸ್ಪ್ರಿಂಗು ಅದನ್ನು ಕೆಳಕ್ಕೆ ಒತ್ತಿಹಿಡಿದು ಬಾಯನ್ನು ಮುಚ್ಚಿರುವುದು. ಪಂಪಿನಿಂದ ಬಂದ ಡೀಸೆಲ್ಲಿನ ಒತ್ತಡವು ಸ್ಪ್ರಿಂಗಿನ ಬಲವನ್ನು ಮೀರಿದಾಗ ಸೂಜಿಯು ಎದ್ದು ಬಾಯಿ ಬಿಡುವುದು. ಒತ್ತಡವು ಇಳಿದೊಡನೆ ಥಟ್ಟನೆ ಕೂರುವುದು. ನಿಮಿಷಕ್ಕೆ 1500 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಸೂಜಿಯು ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ಹೀಗೆ ಎದ್ದು ಕೂರಬೇಕು. ಸೂಜಿಗೂ ಅದು ಆಡುವ ರಂಧ್ರಕ್ಕೂ ನಡುವಣ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಭಾಗ ಮಾತ್ರ. ತಲೆಗೂದಲು ಇದರ ಹತ್ತಿಪ್ಪತ್ತರಷ್ಟು ದಪ್ಪವೆಂದರೆ, ಇಲ್ಲಿ ಒಂದು ಧೂಳಿನ ಕಣವೂ ಎಷ್ಟರದೆಂದು ಊಹಿಸಬಹುದು.

ಕಾರ್ಖಾನೆಯಿಂದ ಹೊರಡುವಾಗ ಈ ಭಾಗಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಅಥವಾ ಮೇಣವನ್ನು ಸವರಿರುತ್ತಾರೆ. ಬೇಸಗೆ, ಮಳೆಗಾಲಗಳು ಅನೇಕ ಸಲ ಕಳೆದ ಮೇಲೆ ಆ ಎಣ್ಣೆಯು ಆರಿ ಅಂಟಾಗಿ, ಕಡೆಗೆ ಅರಗಿನ ಹಾಗೆ ಗಟ್ಟಿಯಾಗಿ ಸೂಜಿಯನ್ನು ಹಿಡಿದುಬಿಡುವುದು. ಮುಚ್ಚಳ ಬಿದ್ದುಹೋದ ಇಂಜೆಕ್ಟರಾದರೆ ಒಳಕ್ಕೆ ತೇವವು ಸೇರಿ ಸೂಜಿಯ ಮೇಲೆ ತುಕ್ಕಿನ ಚುಕ್ಕೆಗಳೇಳುವುವು. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡು ತಾಲ್ಲೂಕಿನ ಪಡುವಣ ಭಾಗದಲ್ಲಿ ತೇವದ ಕಾಟ ಹೆಚ್ಚು. ಚನ್ನರಾಯಪಟ್ಟಣದ ಬಯಲಿನಲ್ಲಿ ಧೂಳಿನದು ಹೆಚ್ಚು.

ಸೂಜಿಯು ಅಂಟಿಕೊಂಡಿದ್ದರೆ ಎಂಜಿನ್ನು ಹತ್ತುವುದಿಲ್ಲ, ಅಷ್ಟೇ. ನಿಜವಾದ ಅಪಾಯವಿರುವುದು ಅರೆಬರೆ ಕೆಲಸಮಾಡುವ ನಾಜಲ್ಲಿನಲ್ಲಿ. ಸೂಜಿಯು ಸರಿಯಾಗಿ ಕೂರದೆ ತೊಟ್ಟಿಕ್ಕುವ ನಾಜಲ್ಲಿನಿಂದ ಡೀಸೆಲ್ಲು ಹನಿಹನಿಯಾಗಿ ಬಿದ್ದು ಪೂರ್ತಿ ಉರಿಯದೆ, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲಿನಲ್ಲಿ ಬೆರೆಯುವುದು. ಆಯಿಲು ನೀರಾಗಿ ರಿಂಗುಗಳೂ ಬೇರಿಂಗುಗಳೂ ಸವೆಯುವುವು. ತುಂತುರಾಗದೆ ಧಾರೆಯಾಗಿ ಬೀಳುವ ಡೀಸೆಲ್ಲು ಪಿಸ್ಟನ್ನಿನ ನೆತ್ತಿಯ ಒಂದೇ ಜಾಗದಲ್ಲಿ ಉರಿದು ಅದನ್ನು ಸುಟ್ಟು ತೂತುಮಾಡುವುದೂ ಉಂಟು. ಎಂಜಿನ್ನು ಓಡುತ್ತಲೇ ಇರುವುದರಿಂದ ಯಜಮಾನನಿಗೆ ಇದು ತಿಳಿಯುವುದಿಲ್ಲ. ಕಪ್ಪು ಹೊಗೆ, ಬಡಿತದ ಸದ್ದು ಮತ್ತು ಡೀಸೆಲ್ಲಿನ ಖರ್ಚು ಇವೇ ತಿಳಿಸತಕ್ಕವು. ಇಂಜೆಕ್ಟರಿನಲ್ಲಿ ಉಳಿಸಿದ ಕೆಲವು ನೂರು ರೂಪಾಯಿಗಳು ಪಿಸ್ಟನ್ನು, ಲೈನರುಗಳ ರೂಪದಲ್ಲಿ ಹಲವು ಪಾಲಾಗಿ ಹೊರಟುಹೋಗುವುವು.

ಡಬ್ಬಿಯನ್ನು ತೆರೆದೊಡನೆ ನಾಜಲ್ಲಿನ ಮೇಲೆ ಕೆತ್ತಿರುವ ಗುರುತನ್ನು ಎಂಜಿನ್ನಿನ ಕೈಪಿಡಿಯೊಡನೆ, ಅದಿಲ್ಲವಾದರೆ ತೆಗೆದ ಹಳೆಯ ನಾಜಲ್ಲಿನ ಗುರುತಿನೊಡನೆ ಹೋಲಿಸಿ ನೋಡಬೇಕು. ಡಿ.ಎನ್. ಎಂಬ ಅಕ್ಷರಗಳಿದ್ದರೆ ಅದು ತುದಿಯಲ್ಲಿ ಮೊಳೆಯಂತೆ ಚಾಚಿದ ಸೂಜಿಯುಳ್ಳ ಪಿಂಟಲ್ ಜಾತಿಯದು. ಡಿ.ಎಲ್.ಎಲ್.ಎ. ಎಂದಿದ್ದರೆ ಸಣ್ಣ ತೂತುಗಳುಳ್ಳ ಜಾತಿಯದು. ಆ ಅಕ್ಷರಗಳ ಮುಂದಿನ ಅಂಕಿಯು ತುಂತುರು ಹರಡುವ ಕೋನವನ್ನು ತಿಳಿಸುವುದು. ಬೇರೆ ಕೋನದ ನಾಜಲ್ಲು ಕೂಡ ಅದೇ ಹೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಕೂರುವುದರಿಂದ ಅನೇಕರು ಮೋಸಹೋಗುವರು. ಗುರುತು ಹೊಂದದಿದ್ದಲ್ಲಿ ಮುಂದಿನ ಶ್ರಮವೆಲ್ಲ ವ್ಯರ್ಥ. ಅದನ್ನು ಅಂಗಡಿಗೆ ಹಿಂದಿರುಗಿಸತಕ್ಕದ್ದು.

ಶುದ್ಧಿಮಾಡುವ ಕೆಲಸವನ್ನು ಹೊಲದ ಬದುವಿನಲ್ಲಾಗಲಿ ಕಣದಲ್ಲಾಗಲಿ ಮಾಡಕೂಡದು. ಗಾಳಿಯಾಡದ ಕೋಣೆಯೊಳಗೆ ಮಣೆಯ ಮೇಲೆ ಶುಭ್ರವಾದ ಕಾಗದವನ್ನು ಹಾಸಿ, ಶೋಧಿಸಿದ ಡೀಸೆಲ್ಲನ್ನು ಎರಡು ಬೋಗುಣಿಗಳಲ್ಲಿ ಇಟ್ಟುಕೊಳ್ಳಬೇಕು: ಒಂದು ತೊಳೆಯುವುದಕ್ಕೆ, ಒಂದು ಕಡೆಯ ಬಾರಿ ಅದ್ದುವುದಕ್ಕೆ. ಹತ್ತಿರದಲ್ಲಿ ಒಲೆ, ಬೀಡಿ ಇರಬಾರದು. ಮೇಣವನ್ನು ಬೇಗ ಕರಗಿಸಬೇಕೆಂದು ಡೀಸೆಲ್ಲನ್ನು ಒಲೆಯ ಮೇಲೆ ಕಾಯಿಸುವವರುಂಟು. ಇದು ಮನೆಗೇ ಬೆಂಕಿಯಿಡುವ ಕೆಲಸ.

ಇಂಜೆಕ್ಟರಿನ ಹೊರಮೈಯನ್ನು ಮೊದಲು ತೊಳೆದು, ವೈಸಿನ ಹಲ್ಲುಗಳಿಗೆ ತಾಮ್ರದ ಅಥವಾ ಸೀಸದ ತಗಡನ್ನು ಮಡಿಸಿಟ್ಟು ಅದರಲ್ಲಿ ಹಿಡಿಸಬೇಕು. ಮೇಲಿನ ಸ್ಕ್ರೂ ಸಡಿಲಿಸಿ ಸ್ಪ್ರಿಂಗಿನ ಬಿಗಿಯನ್ನು ಇಳಿಸಿದ ಮೇಲೆಯೇ ನಾಜಲ್ಲಿನ ಕ್ಯಾಪ್ ನಟ್ಟನ್ನು ತಿರುಗಿಸತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಒಳಗಿನ ಸಣ್ಣ ಗೂಟಗಳೂ ನಯವಾದ ಮುಖಗಳೂ ಕೆಡುವುವು. ಸೂಜಿಯು ಕೈಗೆ ಬಾರದಿದ್ದರೆ ನಾಜಲ್ಲನ್ನು ಡೀಸೆಲ್ಲಿನಲ್ಲಿ ಒಂದು ರಾತ್ರಿ, ಬೇಕಾದರೆ ಎರಡು ರಾತ್ರಿ ನೆನೆಯಹಾಕಬೇಕು. ಇಕ್ಕುಳದಿಂದ ಕೀಳಬಾರದು, ಸುತ್ತಿಗೆಯನ್ನಂತೂ ಮುಟ್ಟಲೇಬಾರದು. ಸೂಜಿಯೂ ನಾಜಲ್ಲೂ ಒಂದಕ್ಕೊಂದು ಅರೆದು ಜೋಡಿಮಾಡಿದವು. ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಟ್ಟವೆಂದೇ ಲೆಕ್ಕ. ಎರಡು ಇಂಜೆಕ್ಟರುಗಳನ್ನು ಬಿಚ್ಚುವವರು ಒಂದನ್ನು ಮುಗಿಸಿ ಮತ್ತೊಂದಕ್ಕೆ ಕೈಹಾಕುವುದು ಲೇಸು.

ಅಂಟನ್ನು ಮೃದುವಾದ ಮರದ ಕಡ್ಡಿಯಿಂದ ಅಥವಾ ಹಿತ್ತಾಳೆ ತಂತಿಯ ಬ್ರಷ್ಷಿನಿಂದ ತೆಗೆಯಬೇಕೇ ಹೊರತು ಉಪ್ಪಿನ ಕಾಗದ, ಚಾಕು, ಕಬ್ಬಿಣದ ತಂತಿ ಇವು ಕೂಡವು. ತುದಿಯ ತೂತುಗಳಿಗೆ ಹೊಲಿಗೆಯ ಸೂಜಿಯನ್ನು ತೂರಿಸುವ ಅಭ್ಯಾಸವು ಈ ಕಡೆ ಬಹಳವಾಗಿದೆ. ಒಮ್ಮೆಯೂ ಉರಿಯನ್ನು ಕಾಣದ ನಾಜಲ್ಲಿನಲ್ಲಿ ಮಸಿಯೇ ಇರುವುದಿಲ್ಲವಾದ್ದರಿಂದ ಅದು ಅನಾವಶ್ಯಕ. ತೂತು ದೊಡ್ಡದಾದರೆ ತುಂತುರು ಹಾಳು. ತೊಳೆದ ಮೇಲೆ ಸೂಜಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಬೇಕು. ನಯವಾದ ಭಾಗದಲ್ಲಾಗಲಿ ಕೂರುವ ತುದಿಯಲ್ಲಾಗಲಿ ತುಕ್ಕಿನ ಗುಳಿ, ಗೀರು, ನೀಲಿಯ ಬಣ್ಣ ಕಂಡುಬಂದರೆ ಆ ನಾಜಲ್ಲನ್ನು ಬಿಟ್ಟುಬಿಡತಕ್ಕದ್ದು. ಅನಂತರ ಸೂಜಿಯನ್ನು ಎರಡನೆಯ ಬೋಗುಣಿಯ ಡೀಸೆಲ್ಲಿನಲ್ಲಿ ಅದ್ದಿ ನಾಜಲ್ಲಿಗೆ ಸೇರಿಸಿ, ನಾಜಲ್ಲನ್ನು ಸ್ವಲ್ಪ ಓರೆಯಾಗಿ ಹಿಡಿದು, ಸೂಜಿಯನ್ನು ಮೂರನೆಯ ಒಂದು ಭಾಗದಷ್ಟು ಹೊರಕ್ಕೆಳೆದು ಬಿಡಬೇಕು. ಅದು ತನ್ನ ಭಾರದಿಂದಲೇ ಮೆಲ್ಲಗೆ ಜಾರಿ ಕೂರಬೇಕು. ಸೂಜಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ನಾಲ್ಕು ಸಲ ಹೀಗೆ ನೋಡತಕ್ಕದ್ದು. ಒಂದು ಕಡೆ ತಡೆದರೂ ಪುನಃ ತೊಳೆಯಬೇಕು. ಬಟ್ಟೆಯಿಂದಾಗಲಿ ಹತ್ತಿಯ ವೇಸ್ಟಿನಿಂದಾಗಲಿ ಒರಸದೆ, ಒದ್ದೆಯಾಗಿಯೇ ಜೋಡಿಸುವುದು ಸರಿ. ಕ್ಯಾಪ್ ನಟ್ಟನ್ನು ಅತಿಯಾಗಿ ಬಿಗಿದರೆ ನಾಜಲ್ಲು ಹಿಂಡಿದಂತಾಗಿ ಸೂಜಿಯು ಮತ್ತೆ ಹಿಡಿದುಕೊಳ್ಳುವುದು.

ಪರೀಕ್ಷೆಗೆ ಕೈಯಿಂದ ಒತ್ತುವ ಟೆಸ್ಟರು ಬೇಕು. ಸಣ್ಣ ಡೀಸೆಲ್ ತೊಟ್ಟಿ, ಒಂದು ಸನ್ನೆ, ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ಇಷ್ಟೇ ಅದರ ಭಾಗಗಳು. ಡೀಸೆಲ್ ಪಂಪಿನ ಕೆಲಸಮಾಡುವ ಅಂಗಡಿಗಳಲ್ಲಿ ಅದು ಇದ್ದೇ ಇರುವುದು. ಆದರೆ ಸನ್ನೆಗೆ ಕೈಯಿಡುವುದಕ್ಕೆ ಮುಂಚೆ ಒಂದು ವಿಷಯವನ್ನು ಎಲ್ಲರೂ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಈ ತುಂತುರಿನ ಎದುರಿಗೆ ಕೈಯನ್ನು ಎಂದಿಗೂ ಒಡ್ಡಕೂಡದು. ಅದರ ರಭಸಕ್ಕೆ ಡೀಸೆಲ್ಲು ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುವುದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು. ಮೊದಲಿಗೆ ನೋವೂ ಕಡಮೆ. ಕೆಲವು ಗಂಟೆಗಳಲ್ಲಿ ಬೆರಳು ಊದಿ, ಒಳಗಿನ ಮಾಂಸವು ಸಾಯತೊಡಗಿ, ತಡವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗುವುದು. ಅರಿಸಿನ, ಸುಣ್ಣ ಹಚ್ಚಿ ಬೆಳಗಾಗಲೆಂದು ಕಾಯತಕ್ಕ ಗಾಯವಲ್ಲ ಇದು. ಕೂಡಲೆ ಹಾಸನದ ದೊಡ್ಡಾಸ್ಪತ್ರೆಯಂಥ ಶಸ್ತ್ರಚಿಕಿತ್ಸೆಯ ಅನುಕೂಲವುಳ್ಳ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ಲು ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಸಣ್ಣ ಗಾಯವೆಂದು ಕಟ್ಟಿ ಕಳುಹಿಸುವ ಸಂಭವವುಂಟು. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ಹತ್ತಿರ ಬಾರದಿರಲಿ.

ಇಂಜೆಕ್ಟರನ್ನು ಟೆಸ್ಟರಿಗೆ ಬಿಗಿದು, ಗಡಿಯಾರವನ್ನು ಮುಚ್ಚಿಟ್ಟು ಮೊದಲು ಕೆಲವು ಸಲ ಜೋರಾಗಿ ಒತ್ತಿ ಗಾಳಿಯನ್ನು ಹೊರಡಿಸಬೇಕು. ಆ ಮೇಲೆ ಗಡಿಯಾರವನ್ನು ತೆರೆದು ನಿಧಾನವಾಗಿ ಒತ್ತುತ್ತ ಯಾವ ಅಂಕಿಯಲ್ಲಿ ಬಾಯಿಬಿಡುವುದೆಂದು ನೋಡುವುದು. ಪಿಂಟಲ್ ಜಾತಿಯವು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 100ರಿಂದ 140 ಕಿಲೋಗ್ರಾಮಿನೊಳಗೆ, ತೂತುಗಳ ಜಾತಿಯವು 175ರಿಂದ 250ರೊಳಗೆ ತೆರೆಯುವುವು; ಕಿರ್ಲೋಸ್ಕರ್ ಎ.ವಿ.1 ಮಾದರಿಯ 5 ಅಶ್ವಶಕ್ತಿಯ ಎಂಜಿನ್ನಿಗೆ ಸುಮಾರು 200. ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಹೆಚ್ಚುಕಡಮೆಯಿದ್ದಲ್ಲಿ ಮೇಲಿನ ಸ್ಕ್ರೂನಿಂದಲೋ, ಸ್ಪ್ರಿಂಗಿನಡಿಯ ತೆಳು ಬಿಲ್ಲೆಗಳಿಂದಲೋ ಸರಿಪಡಿಸಬಹುದು. ಬಳಿಕ ಆ ಅಂಕಿಗಿಂತ 20 ಕಡಮೆಯಾಗುವಂತೆ ಒತ್ತಡವನ್ನು 10 ಸೆಕೆಂಡು ಹಿಡಿದಿಡಬೇಕು. ತುದಿಯು ಕೊಂಚ ತೇವವಾದರೆ ಚಿಂತೆಯಿಲ್ಲ, ತೊಟ್ಟು ಬೀಳಬಾರದು. ಕಡೆಗೆ ಗಡಿಯಾರವನ್ನು ಮುಚ್ಚಿ ಬೇಗಬೇಗ ಒತ್ತಿದರೆ ಗರಗರನೆಂಬ ಸದ್ದಿನೊಡನೆ ಎಲ್ಲ ತೂತುಗಳಿಂದಲೂ ಸಮನಾದ ತುಂತುರು ಬರಬೇಕು. ಒಂದು ಪಕ್ಕಕ್ಕೆ ವಾಲಿದ ಧಾರೆ, ಸದ್ದಿಲ್ಲದ ಎರಚು, ದಪ್ಪ ಹನಿ ಇವುಗಳಲ್ಲಿ ಯಾವುದಿದ್ದರೂ ಮತ್ತೊಮ್ಮೆ ಬಿಚ್ಚಿ ತೊಳೆದು ನೋಡಿ, ಆಗಲೂ ಸರಿಹೋಗದಿದ್ದರೆ ಬೇರೆ ನಾಜಲ್ಲನ್ನು ತರತಕ್ಕದ್ದು.

ಟೆಸ್ಟರಿಲ್ಲದ ಊರುಗಳಲ್ಲಿ ಇಂಜೆಕ್ಟರನ್ನು ಹೊರಗೆ ತೆಗೆದು, ಪೈಪಿಗೆ ತಲೆಕೆಳಗಾಗಿ ಸೇರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ತುಂತುರನ್ನು ನೋಡುವ ರೂಢಿಯುಂಟು. ಇದರಿಂದ ಬಾಯಿ ತೆರೆಯುವುದೆಂಬುದು ಮಾತ್ರ ತಿಳಿಯುವುದಲ್ಲದೆ ಎಷ್ಟು ಒತ್ತಡದಲ್ಲೆಂಬುದು ತಿಳಿಯುವುದಿಲ್ಲ. ಮೇಲೆ ಹೇಳಿದ ಅಪಾಯವಂತೂ ಪೂರ್ತಿಯಾಗಿ ಇದೆ. ಇದಕ್ಕಿಂತ ಗ್ರಾಮದ ಮುಖಂಡರು ತಮ್ಮ ಸಹಕಾರ ಸಂಘದ ಮೂಲಕ ಒಂದು ಟೆಸ್ಟರನ್ನು ಕೊಂಡು, ಕೆಲಸ ಬಲ್ಲ ಒಬ್ಬ ಹುಡುಗನ ವಶದಲ್ಲಿಡುವುದು ಲೇಸು. ಪವರ್ ಟಿಲ್ಲರುಗಳೂ ಹೆಚ್ಚಾಗಿರುವ ಹೊಳೆನರಸೀಪುರದ ಗದ್ದೆಬಯಲಿನಂಥ ಕಡೆಗಳಲ್ಲಿ ಅದು ವರ್ಷವೆಲ್ಲ ಉಪಯೋಗಕ್ಕೆ ಬರುವುದು.

ಜೋಡಿಸುವಾಗ ಸಿಲಿಂಡರ್ ಹೆಡ್ಡಿನ ಗುಂಡಿಯಲ್ಲಿ ಹಳೆಯ ತಾಮ್ರದ ವಾಷರು ಉಳಿದಿದೆಯೇ ಎಂದು ಕೈದೀಪದಿಂದ ನೋಡಬೇಕು. ಅದರ ಮೇಲೆಯೇ ಇನ್ನೊಂದನ್ನು ಹಾಕಿದರೆ ನಾಜಲ್ಲಿನ ತುದಿಯು ಮೇಲಾಗಿ ಉರಿಯು ತಪ್ಪುವುದು. ಹೊಸ ವಾಷರು ಸಿಕ್ಕದಿದ್ದಲ್ಲಿ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುವುದು. ಎರಡು ನಟ್ಟುಗಳನ್ನೂ ಸರದಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಫಿಲ್ಟರಿನಿಂದ ಮೊದಲುಗೊಂಡು ಗಾಳಿಯನ್ನು ತೆಗೆಯುತ್ತ ಬಂದು, ಇಂಜೆಕ್ಟರಿನ ಬಳಿಯ ಪೈಪಿನ ನಟ್ಟನ್ನು ಕಡೆಗೆ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ಲು ಬಂದ ಮೇಲೆ ಬಿಗಿಯುವುದು. ಫಿಲ್ಟರು ಹಳೆಯದಾಗಿದ್ದರೆ ಅದನ್ನೂ ಆಗಲೇ ಬದಲಾಯಿಸಬೇಕು. ಕೊಳೆಯಾದ ತೊಟ್ಟಿಯ ಡೀಸೆಲ್ಲು ಶುದ್ಧಿಮಾಡಿದ ನಾಜಲ್ಲನ್ನು ಒಂದು ದಿನದಲ್ಲಿ ಕೆಡಿಸಬಲ್ಲುದು.

ಪರೀಕ್ಷಿಸಿದ ಇಂಜೆಕ್ಟರು ಮಿಕ್ಕಿದ್ದರೆ, ಶುದ್ಧವಾದ ಎಣ್ಣೆಯಲ್ಲಿ ಅದ್ದಿ, ಎರಡು ತುದಿಗಳಿಗೂ ಮುಚ್ಚಳ ಹಾಕಿ, ಎಣ್ಣೆಯ ಕಾಗದದಲ್ಲಿ ಸುತ್ತಿ, ಬಾಯಿ ತೆರೆಯುವ ಒತ್ತಡವನ್ನೂ ಪರೀಕ್ಷೆಯ ತಾರೀಖನ್ನೂ ಬರೆದ ಚೀಟಿಯೊಡನೆ ಒಣಗಿದ ಜಾಗದಲ್ಲಿಡತಕ್ಕದ್ದು. ಗೊಬ್ಬರದ ಚೀಲಗಳಿರುವ ಕೋಣೆಯು ಇದಕ್ಕೆ ಆಗದು. ಅಲ್ಲಿನ ಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುವುದು.