ಮೂರರಲ್ಲಿ ಎರಡು ಪಾಲು ಊಹೆ

ಒಳ್ಳೆಯ ಕ್ಯಾಮೆರಾ ಕೊಂಡು ರಾ ಫೈಲಿನಲ್ಲಿ ಚಿತ್ರ ತೆಗೆಯಲು ಆರಂಭಿಸಿದವರೆಲ್ಲ ಸ್ವಲ್ಪ ದಿನಕ್ಕೇ ಕೇಳುವ ಪ್ರಶ್ನೆಗಳಿವು. ಲೈಟ್‌ರೂಮ್‌ಗೆ ತಿಂಗಳು ತಿಂಗಳೂ ಹಣ ಕಟ್ಟಬೇಕೆ? ಪುಕ್ಕಟೆ ಸಿಗುವ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಸಾಕೆ? ಇವುಗಳಲ್ಲಿ ಯಾವುದು ಬಣ್ಣವನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ? ಮೊದಲೆರಡಕ್ಕೆ ಉತ್ತರವಿದೆ, ಮುಂದೆ ನೋಡೋಣ. ಮೂರನೆಯದು ಮಾತ್ರ ಒಂದು ಮೂಢನಂಬಿಕೆಯ ಮೇಲೆ ನಿಂತಿದೆ. ರಾ ಫೈಲಿನೊಳಗೆ ಅಸಲಿ ಚಿತ್ರವೊಂದು ಅಡಗಿ ಕೂತಿದೆ, ತಂತ್ರಾಂಶದ ಕೆಲಸ ಅದನ್ನು ಹೊರಗೆ ತೆಗೆದು ತೋರಿಸುವುದಷ್ಟೆ, ಅದರಾಚೆಗಿನದೆಲ್ಲ ಬಣ್ಣ ಬಳಿಯುವ ಕಸುಬು ಎಂಬ ನಂಬಿಕೆ ಅದು. ಹಕ್ಕಿಯ ಚಿತ್ರದ ಕೆಳಗೆ 'ನೋ ಎಡಿಟಿಂಗ್' ಎಂದು ಹೆಮ್ಮೆಯಿಂದ ಬರೆದುಕೊಳ್ಳುವವರೂ ಇದೇ ಪಂಥದವರು. ನಿಜ ಹೇಳಬೇಕೆಂದರೆ ರಾ ಫೈಲಿನಲ್ಲಿ ಅಂಥ ಅಸಲಿ ಚಿತ್ರವೇ ಇಲ್ಲ. ಇರುವುದು ಬೆಳಕಿನ ಅಳತೆಯ ಅಂಕಿಗಳು, ಅವೂ ಅಪೂರ್ಣ. ಈ ಸಂಗತಿಯನ್ನು ಒಪ್ಪಿಕೊಂಡರೆ ತಂತ್ರಾಂಶ ಆರಿಸುವ ಕ್ರಮವೇ ಬೇರೆಯಾಗುತ್ತದೆ.

ಸಿಲಿಕಾನ್ ಸೆನ್ಸರ್‌ಗೆ ಬಣ್ಣ ತಿಳಿಯದು. ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ಬಣ್ಣ ತಿಳಿಯಲು ಕೋಡಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ಕಂಡುಕೊಂಡ ಉಪಾಯಕ್ಕೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಪ್ರತಿ ಪಿಕ್ಸೆಲ್ಲಿನ ಮೇಲೆ ಒಂದೊಂದು ಬಣ್ಣದ ಪುಟ್ಟ ಸೋಸಕ: ಒಂದು ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು, ಮುಂದಿನ ಸಾಲಿನಲ್ಲಿ ಹಸಿರು, ನೀಲಿ, ಹಸಿರು, ನೀಲಿ. ಹೀಗೆ ಹೆಣೆದರೆ ಅರ್ಧದಷ್ಟು ಪಿಕ್ಸೆಲ್ಲುಗಳು ಹಸಿರಿನ ಪಾಲಾಗುತ್ತವೆ, ಕೆಂಪಿಗೂ ನೀಲಿಗೂ ಕಾಲು ಕಾಲು ಪಾಲು. ಹಸಿರಿಗೇಕೆ ಈ ಪಕ್ಷಪಾತ? ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಗುರುತಿಸುವುದು ಬಣ್ಣದ ವ್ಯತ್ಯಾಸದಿಂದಲ್ಲ, ಬೆಳಕಿನ ಏರಿಳಿತದಿಂದ. ಹಗಲಿನಲ್ಲಿ ಆ ಕಣ್ಣು ಅತಿ ಚುರುಕಾಗಿರುವುದು ಹಸಿರಿನ ಆಸುಪಾಸಿನಲ್ಲಿ, ಸುಮಾರು 555 ನ್ಯಾನೋಮೀಟರ್ ತರಂಗಾಂತರದಲ್ಲಿ. ಬೇಯರ್ ಸೆನ್ಸರನ್ನು ಹಂಚಿದ್ದು ನಿಸರ್ಗದ ಲೆಕ್ಕಕ್ಕಲ್ಲ, ನೋಡುವವನ ಲೆಕ್ಕಕ್ಕೆ. ಇದರ ಪರಿಣಾಮವನ್ನು ಅಂಕಿಯಲ್ಲೇ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1.2 ಕೋಟಿ ಪಿಕ್ಸೆಲ್ಲುಗಳು ಹಸಿರನ್ನು ಅಳೆಯುತ್ತವೆ, 60 ಲಕ್ಷ ಕೆಂಪನ್ನು, 60 ಲಕ್ಷ ನೀಲಿಯನ್ನು. ಆದರೆ ಪರದೆಯ ಮೇಲೆ ಬಣ್ಣದ ಚಿತ್ರ ಮೂಡಬೇಕಾದರೆ ಪ್ರತಿ ಪಿಕ್ಸೆಲ್ಲಿಗೂ ಮೂರು ಬಣ್ಣಗಳ ಮೌಲ್ಯ ಬೇಕು, ಅಂದರೆ ಒಟ್ಟು 7.2 ಕೋಟಿ ಅಂಕಿಗಳು. ಅಳೆದು ತಂದದ್ದು 2.4 ಕೋಟಿ. ಉಳಿದ 4.8 ಕೋಟಿ ಅಂಕಿಗಳನ್ನು ಯಾವ ಸೆನ್ಸರೂ ಕಂಡಿಲ್ಲ. ಅವು ತಂತ್ರಾಂಶದ ಊಹೆ.

ಈ ಊಹೆಗೆ ಡಿಮೊಸೈಕಿಂಗ್ ಎಂದು ಹೆಸರು. ಚುಕ್ಕಿ ಇಟ್ಟುಕೊಟ್ಟರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರಂಗೋಲಿ ಆಗುವ ಹಾಗೆ, ಒಂದೇ ರಾ ಫೈಲು ಬೇರೆ ಬೇರೆ ತಂತ್ರಾಂಶಗಳಲ್ಲಿ ಬೇರೆಬೇರೆಯಾಗಿಯೇ ಮೂಡುತ್ತದೆ. ತೀರಾ ಸುಲಭದ ದಾರಿ ಎಂದರೆ ಅಕ್ಕಪಕ್ಕದ ಪಿಕ್ಸೆಲ್ಲುಗಳ ಸರಾಸರಿ ಹಿಡಿಯುವುದು. ಬಯಲು ಆಕಾಶಕ್ಕೆ ಅದು ಸಾಕು, ಆದರೆ ಕೊಂಬೆಯ ಅಂಚು ಬಂದ ಕೂಡಲೇ ಆಚೆಯ ಆಕಾಶ ಈಚೆಯ ಮರದೊಂದಿಗೆ ಬೆರೆತು ಅಂಚಿನುದ್ದಕ್ಕೂ ಬಣ್ಣದ ಹಲ್ಲುಗಳು ಮೂಡುತ್ತವೆ. ಜಾಣ ವಿಧಾನಗಳು ಮೊದಲು ಅಂಚು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಹುಡುಕಿ, ಅಂಚನ್ನು ದಾಟದೆ ಅದರ ಉದ್ದಕ್ಕೆ ಲೆಕ್ಕ ಹಾಕುತ್ತವೆ. ಜೊತೆಗೆ ಇನ್ನೊಂದು ನಂಬಿಕೆಯನ್ನೂ ಇಟ್ಟುಕೊಂಡಿರುತ್ತವೆ: ಬೆಳಕು ಥಟ್ಟನೆ ಏರಿಳಿಯಬಹುದು, ಆದರೆ ಬಣ್ಣ ಬಣ್ಣಗಳ ನಡುವಿನ ಅಂತರ ನಿಧಾನವಾಗಿಯೇ ಬದಲಾಗುತ್ತದೆ. ಹಾಗಾಗಿ ದಟ್ಟವಾಗಿ ಅಳೆದ ಹಸಿರಿನಿಂದ ವಿವರಗಳನ್ನು ಎರವಲು ಪಡೆದು ಕೆಂಪು ನೀಲಿಗಳಿಗೂ ತುಂಬಬಹುದು. ಈ ನಂಬಿಕೆ ಲೋಕದ ಬಹುಪಾಲು ವಸ್ತುಗಳ ವಿಷಯದಲ್ಲಿ ಸರಿಹೋಗುತ್ತದೆ ಎಂಬುದೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸೋಜಿಗದ ಸಂಗತಿ. ಮೂರರಲ್ಲಿ ಎರಡು ಪಾಲು ಊಹಿಸಿದ ಚಿತ್ರವನ್ನು ನೋಡಿ ನಾವು ಮೋಸ ಹೋದೆವು ಎಂದುಕೊಳ್ಳುವುದಿಲ್ಲ, 'ಎಷ್ಟು ಸ್ಪಷ್ಟ!' ಎನ್ನುತ್ತೇವೆ.

ಊಹೆ ಎಡವುವ ಜಾಗಗಳೂ ಇವೆ, ತಂತ್ರಾಂಶದ ಪರೀಕ್ಷೆ ನಡೆಯಬೇಕಾದದ್ದು ಅಲ್ಲೇ. ಕಡುಗೆಂಪು ದಾಸವಾಳವನ್ನು ತೆಗೆದುಕೊಳ್ಳಿ. ಅದರ ಎಸಳಿನಿಂದ ಹಸಿರು, ನೀಲಿ ಸೋಸಕಗಳ ಮೂಲಕ ದಾಟಿ ಬರುವ ಬೆಳಕು ಅತ್ಯಲ್ಪ. ಎರವಲು ಕೊಡಬೇಕಾದ ಹಸಿರಿನ ಕೈಯೇ ಬರಿದು. ಎಸಳಿನ ಮೇಲಿನ ನವಿರು ಗೀರುಗಳೆಲ್ಲ ಕಾಲು ಪಾಲು ಪಿಕ್ಸೆಲ್ಲುಗಳ ಮೇಲೆಯೇ ನಿಲ್ಲಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆ ಹೂವಿನ ಮಟ್ಟಿಗೆ ಹೆಚ್ಚುಕಡಿಮೆ 6 ಮೆಗಾಪಿಕ್ಸೆಲ್ಲಿನದಾಗುತ್ತದೆ. ಇನ್ನೊಂದು ಜಾಗ ಹಕ್ಕಿಯ ಗರಿ ಮತ್ತು ನೇಯ್ದ ಬಟ್ಟೆ. ಗರಿಯ ಎಳೆಗಳ ಸಾಲು ಪಿಕ್ಸೆಲ್ ಸಾಲುಗಳಷ್ಟೇ ನಿಕಟವಾದಾಗ ಎರಡೂ ಒಂದರ ಮೇಲೊಂದು ಬಿದ್ದು, ಗರಿಯಲ್ಲಿ ಇಲ್ಲದ ಕೆಂಪು ಹಸಿರು ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಇದು ಮೊಯಿರೆ. ಫ್ಯೂಜಿಫಿಲ್ಮ್ ಕಂಪನಿ 2012ರಲ್ಲಿ ತನ್ನ ಎಕ್ಸ್-ಪ್ರೊ1 ಕ್ಯಾಮೆರಾದಲ್ಲಿ ಬೇಯರ್ ಹೆಣಿಗೆಯನ್ನೇ ಬಿಟ್ಟು, 6 ಅಡ್ಡಸಾಲು 6 ಕಂಬಸಾಲಿನ ಹೊಸ ವಿನ್ಯಾಸ ತಂದದ್ದು ಈ ಕಾಟ ತಗ್ಗಿಸಲೆಂದೇ. ಎಕ್ಸ್-ಟ್ರಾನ್ಸ್ ಎಂಬ ಆ ಹೆಣಿಗೆಯ 36 ಚೌಕಗಳಲ್ಲಿ 20 ಹಸಿರು, 8 ಕೆಂಪು, 8 ನೀಲಿ. ಹೆಣಿಗೆ ಬದಲಾಯಿತು, ಲೈಟ್‌ರೂಮ್ ತಯಾರಿಸುವ ಅಡೋಬಿಯ ತಂತ್ರಾಂಶದ ಊಹೆ ಅದಕ್ಕೆ ತಕ್ಕಂತೆ ಬೇಗ ಬದಲಾಗಲಿಲ್ಲ. ದೂರದ ಎಲೆಗೊಂಚಲುಗಳು ಜಲವರ್ಣದಂತೆ ಕದಡಿ, ನಡುವೆ ಹುಳ ಹರಿದಾಡಿದಂಥ ಗೆರೆಗಳು ಎಂದು ಛಾಯಾಗ್ರಾಹಕರು ವರ್ಷಗಟ್ಟಲೆ ಗೊಣಗಿದರು. ಅದೇ ಫೈಲನ್ನು ಕ್ಯಾಪ್ಚರ್ ಒನ್‌ನಂಥ ಬೇರೆ ತಂತ್ರಾಂಶದಲ್ಲಿ ತೆರೆದವರಿಗೆ ಆ ಹುಳಗಳು ಅಷ್ಟಾಗಿ ಕಾಣುತ್ತಿರಲಿಲ್ಲ. ಮಸೂರ ಅದೇ, ಸೆನ್ಸರ್ ಅದೇ, ಫೈಲೂ ಅದೇ. ರಾ ಫೈಲಿನೊಳಗೆ ಅಸಲಿ ಚಿತ್ರ ಕೂತಿದೆ ಎನ್ನುವವರು ಇದಕ್ಕೇನು ಹೇಳುತ್ತಾರೋ!

ಬಣ್ಣದ ಕಥೆಯೂ ಇಷ್ಟೆ. ಸೆನ್ಸರ್ ಕೊಟ್ಟ ಅಂಕಿಗಳನ್ನು ಯಾವ ಹೊಂದಾಣಿಕೆಯೂ ಇಲ್ಲದೆ ಪರದೆಗೆ ತಂದರೆ ಕಾಣುವುದು ಕತ್ತಲು ಕವಿದ, ಹಸಿರುಗಟ್ಟಿದ ಮಸುಕು. ಬಿಳಿ ಯಾವುದೆಂದು ತಂತ್ರಾಂಶ ನಿರ್ಧರಿಸಬೇಕು, ನೆರಳುಗಳನ್ನು ಮೇಲೆತ್ತುವ ರೇಖೆಯನ್ನೂ ಅದೇ ಎಳೆಯಬೇಕು. ಲೈಟ್‌ರೂಮ್‌ಗೆ ಚಿತ್ರಗಳನ್ನು ಇಳಿಸಿಕೊಂಡಾಗ ಮೊದಲು ಚೆಂದಕ್ಕೆ ಕಂಡ ಬಣ್ಣ ಒಂದು ಕ್ಷಣದಲ್ಲಿ ಪೇಲವವಾಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಮೊದಲು ಕಂಡದ್ದು ಕ್ಯಾಮೆರಾ ತಾನೇ ಮಾಡಿ ಫೈಲಿನೊಳಗೆ ಸೇರಿಸಿಟ್ಟ ಪುಟ್ಟ ಜೆಪೆಗ್, ಆಮೇಲಿನದು ಅಡೋಬಿಯ ವ್ಯಾಖ್ಯಾನ. ಕಳೆದುಹೋದದ್ದು ಏನೂ ಇಲ್ಲ, ವ್ಯಾಖ್ಯಾನಕಾರ ಬದಲಾದ ಅಷ್ಟೆ. ಆ ಅಂಕಿಗಳಾದರೂ ಯಾರೂ ಮುಟ್ಟದವು ಎನ್ನುವಂತಿಲ್ಲ. ಸೋನಿಯ ಕೆಲವು ಕ್ಯಾಮೆರಾಗಳು ದೀರ್ಘ ಎಕ್ಸ್‌ಪೋಷರ್‌ಗಳಲ್ಲಿ ರಾ ಫೈಲು ಬರೆಯುವ ಮುನ್ನವೇ ಕೆಟ್ಟ ಪಿಕ್ಸೆಲ್ಲುಗಳನ್ನು ಒರೆಸಿಹಾಕಲು ಹೋಗಿ ಸಣ್ಣ ನಕ್ಷತ್ರಗಳನ್ನೂ ಒರೆಸುತ್ತಿದ್ದವು. ಆಕಾಶದ ಚಿತ್ರ ತೆಗೆಯುವವರು ಅದಕ್ಕೆ ನಕ್ಷತ್ರಭಕ್ಷಕ ಎಂದೇ ಹೆಸರಿಟ್ಟಿದ್ದರು. ಆ್ಯಪಲ್ 2020ರಲ್ಲಿ ಐಫೋನಿಗೆ ತಂದ ಪ್ರೊರಾ ಫೈಲಿನಲ್ಲಂತೂ ಡಿಮೊಸೈಕಿಂಗ್ ಆಗಲೇ ಮುಗಿದಿರುತ್ತದೆ.

ಹಾಗಾದರೆ ಕ್ಯಾಮೆರಾದ ಜೆಪೆಗ್ಗೇ ನಂಬಿಗಸ್ತ ಅಲ್ಲವೇ ಎಂದು ಕೇಳಬಹುದು. ಅಲ್ಲ. ಅದೂ ಇದೇ ಊಹೆಗಳನ್ನೇ ಮಾಡುತ್ತದೆ, ಕ್ಷಣಾರ್ಧದಲ್ಲಿ, ಕ್ಯಾಮೆರಾ ಕಂಪನಿಯ ಅಭಿರುಚಿಗೆ ತಕ್ಕಂತೆ. ಮಾಡಿ ಮುಗಿಸಿ 14 ಬಿಟ್ಟಿನ 16,384 ಮೆಟ್ಟಿಲುಗಳನ್ನು 8 ಬಿಟ್ಟಿನ 256ಕ್ಕೆ ಇಳಿಸಿ ಮಿಕ್ಕಿದ್ದನ್ನು ಎಸೆಯುತ್ತದೆ. 'ನೋ ಎಡಿಟಿಂಗ್' ಎಂದರೆ ಎಡಿಟಿಂಗನ್ನು ಬೇರೆಯವರಿಗೆ ವಹಿಸಿದ್ದೇನೆ ಎಂದಷ್ಟೇ ಅರ್ಥ. ಇನ್ನೊಂದು ಆಕ್ಷೇಪ ಗಟ್ಟಿಯದು: ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳು ಅಂತಿಮ ಸುತ್ತಿಗೆ ರಾ ಫೈಲನ್ನೇ ಕೇಳುತ್ತವಲ್ಲ, ಅದು ಸುಮ್ಮನೆಯೇ? ಸುಮ್ಮನೆಯಲ್ಲ. ಇಲ್ಲದ ಹಕ್ಕಿಯನ್ನು ಆಮೇಲೆ ತಂದು ಅಂಟಿಸಿಲ್ಲ, ಇದ್ದ ಕೊಂಬೆಯನ್ನು ಅಳಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಚಿತ್ರ ಸತ್ಯವೆಂಬುದಕ್ಕೆ ಸಾಕ್ಷಿಯಲ್ಲ. ಲಂಡನ್ನಿನ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ, ಗೇಟು ಹಾರುವ ತೋಳದ ಚಿತ್ರದ ಬಹುಮಾನವನ್ನು ಮರುವರ್ಷ ಹಿಂದಕ್ಕೆ ಪಡೆದರು. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಪುಗಾರರಿಗೆ ಅನ್ನಿಸಿತ್ತು. ಛಾಯಾಗ್ರಾಹಕ ಅದನ್ನು ಅಲ್ಲಗಳೆದಿದ್ದ. ಅಂಥ ತಕರಾರನ್ನು ಯಾವ ರಾ ಫೈಲೂ ಬಗೆಹರಿಸಲಾರದು. ಎಲ್ಲವೂ ಊಹೆಯೇ ಆದರೆ ಯಾವ ತಂತ್ರಾಂಶವಾದರೇನು ಎಂಬುದು ಮೂರನೆಯ ಮಾತು. ಊಹೆಗಳೆಲ್ಲ ಸಮವಲ್ಲ ಎಂಬುದಕ್ಕೆ ಆ ಹುಳಗಳೇ ಉತ್ತರ.

ಇನ್ನು ಆಯ್ಕೆ. ಯಾವುದು ಸತ್ಯ ತೋರಿಸುತ್ತದೆ ಎಂಬ ಪ್ರಶ್ನೆ ಬಿದ್ದುಹೋದ ಮೇಲೆ ಉಳಿಯುವುದು ಎರಡೇ: ನಾನು ತೆಗೆಯುವ ಬಗೆಯ ಚಿತ್ರಗಳಲ್ಲಿ ಯಾವುದರ ಊಹೆ ಕಡಿಮೆ ಎಡವುತ್ತದೆ, ಮತ್ತು ನನ್ನ ತೀರ್ಮಾನಗಳನ್ನು ಅದು ಎಷ್ಟು ಕಾಲ ಕಾಪಾಡುತ್ತದೆ. ಮೊದಲನೆಯದಕ್ಕೆ ರಾಥೆರಪಿ ಒಳ್ಳೆಯ ಪಾಠಶಾಲೆ, ಏಕೆಂದರೆ ಹಲವು ತಂತ್ರಾಂಶಗಳು ಬಚ್ಚಿಡುವ ಡಿಮೊಸೈಕಿಂಗ್ ವಿಧಾನವನ್ನು ಅದು ಪಟ್ಟಿಯಾಗಿ ಎದುರಿಗಿಡುತ್ತದೆ. ಅದರಲ್ಲಿರುವ ಅಮೇಝ್ ಎಂಬ ವಿಧಾನ ಒಳ್ಳೆಯ ಬೆಳಕಿನಲ್ಲಿ ಗರಿಯ ಎಳೆಎಳೆಯನ್ನೂ ಬಿಡಿಸುತ್ತದೆ. ಕಬಿನಿಯ ಹಿನ್ನೀರಿನಲ್ಲಿ ಸಂಜೆ ಕವಿದ ಮೇಲೆ ಹೆಚ್ಚಿನ ಐಎಸ್‌ಒನಲ್ಲಿ ತೆಗೆದ ಚಿತ್ರವಾದರೆ ಅದೇ ವಿಧಾನ ಗದ್ದಲವನ್ನೇ (ನಾಯ್ಸ್) ವಿವರವೆಂದು ತಿಳಿದು ಚಕ್ರವ್ಯೂಹ ಹೆಣೆಯಬಹುದು, ಆಗ ಎಲ್‌ಎಂಎಂಎಸ್‌ಇ ಎಂಬ ಇನ್ನೊಂದು ವಿಧಾನ ವಾಸಿ. ಕಷ್ಟವಿಲ್ಲದೆ ಚೆಂದದ ಬಣ್ಣ ಬೇಕು, ಸಾವಿರಾರು ಚಿತ್ರಗಳನ್ನು ಬೇಗ ಜಾಲಿಸಿ ಮುಗಿಸಬೇಕು ಎನ್ನುವ ಮದುವೆ ಫೋಟೋಗ್ರಾಫರ್‌ಗೆ ಈ ಪಾಂಡಿತ್ಯ ಬೇಡ. ಅವರಿಗೆ ಲೈಟ್‌ರೂಮ್ ಅಥವಾ ಕ್ಯಾಪ್ಚರ್ ಒನ್ ಕೊಟ್ಟ ಹಣಕ್ಕೆ ಮೋಸವಲ್ಲ. ಕ್ಯಾಮೆರಾದ ಬಣ್ಣವೇ ಬೇಕೆನ್ನುವವರಿಗೆ ಕ್ಯಾನನ್, ನಿಕಾನ್ ಕಂಪನಿಗಳು ತಮ್ಮದೇ ತಂತ್ರಾಂಶವನ್ನು ಪುಕ್ಕಟೆ ಕೊಡುತ್ತವೆ. ನಿಧಾನದ್ದು, ಆದರೆ ಅವರ ಸೂತ್ರ ಅವರಿಗೇ ಚೆನ್ನಾಗಿ ಗೊತ್ತು.

ಎರಡನೆಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು. ರಾ ತಂತ್ರಾಂಶ ಮೂಲ ಫೈಲನ್ನು ಮುಟ್ಟುವುದಿಲ್ಲ. ನೆರಳು ಇಷ್ಟು ಎತ್ತು, ಬಿಳಿಯನ್ನು ಇಷ್ಟು ಬೆಚ್ಚಗಾಗಿಸು ಎಂಬ ಆದೇಶಗಳನ್ನಷ್ಟೇ ಬೇರೆ ಕಡೆ ಬರೆದಿಡುತ್ತದೆ. ಆದರೆ ಒಂದು ತಂತ್ರಾಂಶದ ಆದೇಶ ಇನ್ನೊಂದಕ್ಕೆ ಬಹುಪಾಲು ಅರ್ಥವಾಗುವುದಿಲ್ಲ, ಏಕೆಂದರೆ ಕೆಳಗಿನ ಗಣಿತವೇ ಬೇರೆ. ಆ್ಯಪಲ್‌ನ ಅಪರ್ಚರ್ ತಂತ್ರಾಂಶ ಬಂದದ್ದು 2005ರಲ್ಲಿ. 2014ರಲ್ಲಿ ಅದನ್ನು ಮುಂದುವರಿಸುವುದಿಲ್ಲ ಎಂದು ಕಂಪನಿ ಸಾರಿತು. ವರ್ಷಗಟ್ಟಲೆ ಅದರಲ್ಲಿ ದುಡಿದವರ ಬಳಿ ರಾ ಫೈಲುಗಳು ಉಳಿದವು. ಬೇರೆ ತಂತ್ರಾಂಶಕ್ಕೆ ಹೋದಾಗ ಅವುಗಳ ಮೇಲೆ ಮಾಡಿದ ಕೆಲಸದ ಬಹುಭಾಗ ಜೊತೆಗೆ ಬರಲಿಲ್ಲ. ಲೈಟ್‌ರೂಮ್‌ಗೆ ಹಣ ಕಟ್ಟುವುದು ನಿಲ್ಲಿಸಿದರೆ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು, ತಿದ್ದುವ ಕೋಣೆಗೆ ಮಾತ್ರ ಬೀಗ. ಡಾರ್ಕ್‌ಟೇಬಲ್, ರಾಥೆರಪಿಗಳು ಆದೇಶಗಳನ್ನು ಫೈಲಿನ ಪಕ್ಕದಲ್ಲೇ ಪಠ್ಯ ಕಡತವಾಗಿ ಇಡುತ್ತವೆ, ತಂತ್ರಾಂಶದ ಮೂಲ ಸಂಕೇತವೂ ಮುಕ್ತ. ನಡೆಸುವವರು ಕೈಬಿಟ್ಟರೂ ಬೇರೆ ಯಾರಾದರೂ ಎತ್ತಿಕೊಳ್ಳಬಹುದು. ಇದು ಬರೀ ಆದರ್ಶದ ಮಾತಲ್ಲ. ಕಂಪನಿಗಳು ತಮ್ಮ ತಮ್ಮ ಫೈಲುಗಳ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದಾಗ ಡೇವ್ ಕಾಫಿನ್ ಎಂಬ ಒಬ್ಬನೇ ಪ್ರೋಗ್ರಾಮರ್ 1997ರಿಂದ ಡಿಸಿರಾ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ಅವುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದ. ನಿಕಾನ್ 2005ರಲ್ಲಿ ಡಿ2ಎಕ್ಸ್ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಾಗ ಅದನ್ನೂ ಬಿಡಿಸಿದ. ಇಂದಿನ ಹಲವು ತಂತ್ರಾಂಶಗಳ ಬೇರು ಅವನ ಆ ಒಂದು ಪ್ರೋಗ್ರಾಮಿನಲ್ಲಿದೆ. ಅಡೋಬಿ 2004ರಲ್ಲಿ ಪ್ರಕಟಿಸಿದ ಡಿಎನ್‌ಜಿ ಎಂಬ ಮುಕ್ತ ಮಾದರಿಯನ್ನು ಲೈಕಾ, ಪೆಂಟಾಕ್ಸ್ ಒಪ್ಪಿದವು. ದೊಡ್ಡ ಮಾರುಕಟ್ಟೆಯಿರುವ ಕ್ಯಾನನ್, ನಿಕಾನ್, ಸೋನಿ ತಮ್ಮ ತಮ್ಮ ಮಾದರಿಗಳನ್ನು ಬಿಟ್ಟುಕೊಡಲಿಲ್ಲ.

ಈಚಿನ ವರ್ಷಗಳಲ್ಲಿ ಊಹೆಯ ಕೆಲಸಕ್ಕೆ ಯಂತ್ರಕಲಿಕೆ ಬಂದಿದೆ. ಅಡೋಬಿ 2019ರಲ್ಲಿ, ಡಿಎಕ್ಸ್‌ಓ ಎಂಬ ಕಂಪನಿ 2020ರಲ್ಲಿ ಲಕ್ಷಾಂತರ ಚಿತ್ರಗಳಿಂದ ಕಲಿತ ಜಾಲಗಳನ್ನು ಈ ಕೆಲಸಕ್ಕೆ ಹಚ್ಚಿದವು. ಕತ್ತಲಿನ ಚಿತ್ರಗಳಲ್ಲಿ ಇವುಗಳ ಫಲ ಬೆರಗು ಹುಟ್ಟಿಸುವಂಥದ್ದು. ಸಾಧಾರಣ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ ಎಂಬುದೊಂದು ತೊಂದರೆ, ಇನ್ನೊಂದು ಅದಕ್ಕಿಂತ ದೊಡ್ಡದು. ಹಳೆಯ ಊಹೆ ಎಡವಿದರೆ ಹಲ್ಲು, ಹುಳ, ಪಟ್ಟೆಗಳಾಗಿ ಎದ್ದು ಕಾಣುತ್ತಿತ್ತು. ಹೊಸದು ಎಡವಿದರೆ ನಂಬುವಂಥ ಗರಿಯನ್ನೇ ಬರೆದುಬಿಡಬಹುದು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಡ್ಡಿಯಿಲ್ಲ. ರೆಕ್ಕೆಯ ಮೇಲಿನ ಒಂದು ತೆಳು ಪಟ್ಟಿ ನೋಡಿ ಎಲೆ ಉಲಿಯಕ್ಕಿಯ ಜಾತಿ ನಿರ್ಧರಿಸುವವರು, ಪಟ್ಟೆ ನೋಡಿ ಹುಲಿಯನ್ನು ಗುರುತಿಸುವವರು ಹಳೆಯ ವಿಧಾನದ ಪ್ರತಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಡಿಎಕ್ಸ್‌ಓ ಪ್ಯೂರ್‌ರಾದಂಥವು ಊಹೆ ಮುಗಿಸಿದ ಹೊಸ ಡಿಎನ್‌ಜಿ ಫೈಲನ್ನು ಕೊಡುತ್ತವೆ. ಅದು ಕೈಗೆ ಬಂದ ಮೇಲೆ ಜಾಗ ಉಳಿಸಲೆಂದು ಕ್ಯಾಮೆರಾದ ಮೂಲ ಫೈಲನ್ನು ಅಳಿಸುವವರಿದ್ದಾರೆ. ಆ ಕೆಲಸ ಮಾತ್ರ ಬೇಡ. 2005ರ ಕ್ಯಾಮೆರಾದ ರಾ ಫೈಲನ್ನು ಇಂದಿನ ತಂತ್ರಾಂಶದಲ್ಲಿ ತೆರೆದರೆ ಅಂದಿಗಿಂತ ಶುಭ್ರವಾದ ಚಿತ್ರ ಬರುತ್ತದೆ, ಅದೂ ಅಳೆದಿಟ್ಟ ಅವೇ ಅಂಕಿಗಳಿಂದ.