ಹಲ್ಲಿನ ಸೆಟ್ ಪದೇ ಪದೇ ಮುರಿಯುತ್ತಿದೆಯೇ?

ಸಂಘದ ಸಮಾರಂಭಗಳಲ್ಲಿ ಊಟಕ್ಕೆ ಕುಳಿತರೂ ಚಕ್ಕುಲಿ, ಕೋಡುಬಳೆಯನ್ನು ಎಲೆಯ ಬದಿಗೆ ಸರಿಸುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಸೆಟ್ ಎಲ್ಲಿ ಮುರಿದೀತೋ ಎಂಬ ಅಳುಕು ಅವರದು.

ಹಿಂದೆ ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಿಂದ ಸೆಟ್ ತಯಾರಾಗುತ್ತಿತ್ತು. 1930ರ ದಶಕದ ಕೊನೆಗೆ ಅಕ್ರಿಲಿಕ್ ಬಂತು. ವಸಡಿನ ಬಣ್ಣ, ಕಡಿಮೆ ಖರ್ಚು, ಸುಲಭ ರಿಪೇರಿಯ ಕಾರಣ ಇಂದಿಗೂ ಅದೇ ಹೆಚ್ಚು ಬಳಕೆಯಲ್ಲಿದೆ. ಆದರೆ ಕೈಜಾರಿ ಬಿದ್ದರೆ ಅದು ಒಡೆಯುತ್ತದೆ. ದವಡೆಯ ಮೂಳೆ ಸವೆದು ಸೆಟ್ ಸಡಿಲಗೊಂಡರೆ ಅಗಿಯುವಾಗಲೆಲ್ಲ ಬಾಗಿ ಬಾಗಿ ನಡುವೆ ಬಿರುಕು ಬಿಡುತ್ತದೆ.

ಇದಕ್ಕೆ ಪರಿಹಾರಗಳಿವೆ. ರಬ್ಬರ್ ಅಂಶ ಬೆರೆಸಿದ ಅಕ್ರಿಲಿಕ್ ಪೆಟ್ಟನ್ನು ಹೆಚ್ಚು ತಾಳುತ್ತದೆ. ಗಾಜಿನ ನಾರನ್ನು ಸರಿಯಾಗಿ ಅಳವಡಿಸಿದರೆ ಬಾಗುವಿಕೆ ತಗ್ಗುತ್ತದೆ. ಕೋಬಾಲ್ಟ್-ಕ್ರೋಮಿಯಂ ಲೋಹದ ತಳ ತೆಳುವಾದರೂ ಗಟ್ಟಿ. ಖರ್ಚು ಮಾತ್ರ ಅಧಿಕ. ಈಗ ಕಂಪ್ಯೂಟರ್ ಸಹಾಯದಿಂದ ಅಕ್ರಿಲಿಕ್ ಬಿಲ್ಲೆಯನ್ನು ಕೊರೆದು ತಯಾರಿಸುವ ವಿಧಾನವೂ ಬಂದಿದೆ.

ಮುರಿದ ಸೆಟ್ಟನ್ನು ಮನೆಯಲ್ಲೇ ಅಂಟಿನಿಂದ ಜೋಡಿಸಬಾರದು. ಜೋಡಣೆ ಕೂದಲೆಳೆಯಷ್ಟು ತಪ್ಪಿದರೂ ವಸಡಿನಲ್ಲಿ ಹುಣ್ಣಾಗಬಹುದು. ಸಡಿಲಗೊಂಡ ಸೆಟ್ಟಿಗೆ ಒಳಪದರ ಹಾಕಿಸದೆ ಬರೀ ಬಿರುಕು ಮುಚ್ಚಿಸಿದರೆ ಅದು ಮತ್ತೆ ಮುರಿಯುವ ಸಂಭವ ಹೆಚ್ಚು.

ತೊಳೆಯುವಾಗ ಬೇಸಿನ್‌ನಲ್ಲಿ ನೀರು ತುಂಬಿಸಿ ಅಥವಾ ಟವೆಲ್ ಹಾಸಿಕೊಳ್ಳಿ. ಬಿಸಿನೀರು ಬೇಡ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ವರ್ಷಕ್ಕೊಮ್ಮೆ ಹಿರಿಯರನ್ನು ದಂತವೈದ್ಯರಲ್ಲಿಗೆ ಕರೆದೊಯ್ಯುವ ಹೊಣೆಯನ್ನು ಮನೆಯ ಕಿರಿಯರು ವಹಿಸಿಕೊಂಡರೆ ಅವರು ನಿಶ್ಚಿಂತೆಯಿಂದ ಪಂಕ್ತಿಯಲ್ಲಿ ಕೂರಬಹುದು.