ಲಾಳ ಕಟ್ಟುವವರ ಕುಲುಮೆಯಲ್ಲಿ ಮರಳಿ ಹುಟ್ಟಿದ ಉಕ್ಕು

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ವಿಲಿಸ್ಟನ್ ಎಂಬುದೊಂದು ಚಿಕ್ಕ ಪಟ್ಟಣ. ಕುದುರೆಗಳಿಗೆ ಲಾಳ ಕಟ್ಟುವ ಕಸುಬಿನ ಆಲ್ಫ್ರೆಡ್ ಪೆಂಡ್ರೆ ಅವರು 1980ರ ದಶಕದಲ್ಲಿ ಅಲ್ಲಿ ತಮ್ಮ ಸ್ವಂತ ಕುಲುಮೆಯ ಮುಂದೆ ಒಂದು ಹಟ ಹಿಡಿದು ಕುಳಿತರು. ಡಮಾಸ್ಕಸ್ ಖಡ್ಗವೆಂದು ಲೋಕಪ್ರಸಿದ್ಧವಾಗಿದ್ದ, ಮೈಮೇಲೆ ನೀರಿನ ಅಲೆಗಳಂಥ ಗೆರೆಗಳು ಹರಿದಾಡುವ ಅಲಗನ್ನು ಹಳೆಯ ರೀತಿಯಲ್ಲಿಯೇ ತಟ್ಟಿ ತೆಗೆಯಬೇಕೆಂಬುದು ಆ ಹಟ. ಅಂಥ ಅಲಗಿನ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಮ್ಮಾರರ ಕೈತಪ್ಪಿ ಹೋಗಿತ್ತು.

ಖಡ್ಗಕ್ಕೆ ಸಿರಿಯಾದ ನಗರವೊಂದರ ಹೆಸರು ಅಂಟಿಕೊಂಡಿದ್ದರೂ ಅದರ ಉಕ್ಕಿನ ಬಹುಭಾಗ ಹೋಗುತ್ತಿದ್ದುದು ದಕ್ಷಿಣ ಭಾರತದಿಂದ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಮುಂಬಯಿಯಿಂದ ಬಂದ ಉಕ್ಕಿನ ಮಾದರಿಗಳನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಒಪ್ಪಿಸಿದರು. ಅದರಲ್ಲಿ ಆ ಉಕ್ಕಿನ ಹೆಸರು ‘ವೂಟ್ಜ್’. ನಮ್ಮ ‘ಉಕ್ಕು’ ಎಂಬ ಮಾತೇ ಕೇಳಿದವರ ಕಿವಿಯಲ್ಲೋ ಬರೆದವರ ಕೈಯಲ್ಲೋ ತಿರುಚಿಕೊಂಡು ಹೀಗಾಯಿತೆಂದು ಬಹುಮಂದಿ ವಿದ್ವಾಂಸರು ತಿಳಿಯುತ್ತಾರೆ. ಕನ್ನಡಕ್ಕೂ ತೆಲುಗಿಗೂ ಈ ಪದ ಸಮಾನವಾದುದು; ತಮಿಳು, ಮಲಯಾಳಗಳಲ್ಲಿ ‘ಉರುಕ್ಕು’. ಮನೆಯಲ್ಲೊಂದು, ಸಂತೆಯಲ್ಲೊಂದು ನುಡಿ ಕೇಳಿ ಬೆಳೆಯುವ ಗಡಿನಾಡಿನ ಮಕ್ಕಳಿಗೆ, ಪದ ಯಾರದೆಂಬ ಜಗಳಕ್ಕಿಂತ ಈ ನಂಟೇ ಹೆಚ್ಚು ಸ್ವಾರಸ್ಯವೆನಿಸೀತು.

ಪೆಂಡ್ರೆಯವರ ಕೆಲಸ ಆರಂಭವಾಗುತ್ತಿದ್ದುದು ಮೂಸೆಯಿಂದ. ಕಬ್ಬಿಣ, ಇದ್ದಿಲು, ಗಾಜಿನ ಚೂರು, ಒಂದಿಷ್ಟು ಹಸಿರೆಲೆ, ಇವನ್ನು ಮೂಸೆಯಲ್ಲಿ ತುಂಬಿ ಮುಚ್ಚಿ ಕರಗಿಸುವುದು. ಗಾಜು ಕರಗಿ ಲೋಹದ ಮೇಲೆ ಹೊದಿಕೆಯಾಗಿ ನಿಂತು ಗಾಳಿಯನ್ನು ತಡೆಯುತ್ತದೆ. ಇದ್ದಿಲಿನ ಇಂಗಾಲ ಕಬ್ಬಿಣದೊಳಕ್ಕೆ ಇಳಿಯುತ್ತದೆ. ನಿಧಾನವಾಗಿ ಆರಿದ ಮೇಲೆ ಮೂಸೆಯನ್ನು ಒಡೆದರೆ ಒಳಗೊಂದು ಉಕ್ಕಿನ ಗಟ್ಟಿ. ಅದರಲ್ಲಿ ಇಂಗಾಲ ನೂರಕ್ಕೆ ಒಂದೂವರೆ ಭಾಗದಷ್ಟು. ಮನೆ ಕಟ್ಟುವ ಸಾಧಾರಣ ಕಂಬಿಯಲ್ಲಿ ಅದರ ಕಾಲುಭಾಗವೂ ಇರುವುದಿಲ್ಲ.

ಹಸಿರೆಲೆ ಏಕೆಂದು ಯಾರಾದರೂ ಕೇಳಬಹುದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ವರ್ಣಿಸಿದ್ದಾರೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆಗೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಬಾಯಿ ಮುಚ್ಚುತ್ತಿದ್ದರಂತೆ. ತಂಗಡಿಯೆಂದರೆ ರಾಯದುರ್ಗ, ಮಡಕಶಿರಾ ಕಡೆಯ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ಗಿಡ. ತೆಲಂಗಾಣವು ‘ತಂಗೇಡು’ ಎಂದು ಕರೆದು ತನ್ನ ರಾಜ್ಯಪುಷ್ಪವಾಗಿಸಿಕೊಂಡ ಗಿಡ.

ಗಟ್ಟಿ ದೊರೆತರೆ ಅರ್ಧ ಕೆಲಸವೂ ಆದಂತಲ್ಲ. ಅದನ್ನು ಅಲಗಾಗಿ ಎಳೆಯುವುದರಲ್ಲಿಯೇ ನಿಜವಾದ ಪರೀಕ್ಷೆ. ಹಿಂದೆ ಯುರೋಪಿನ ಕಮ್ಮಾರರು ತಮ್ಮ ಊರಿನ ಕಬ್ಬಿಣದಂತೆ ಇದನ್ನೂ ಬೆಳ್ಳಗಾಗುವ ತನಕ ಕಾಯಿಸಿ ಬಡಿದಾಗ ಗಟ್ಟಿ ಪುಡಿಪುಡಿಯಾಗಿತ್ತು. ಬಿಸಿ ಹೆಚ್ಚಾದರೆ ಒಡೆಯುತ್ತದೆ, ಗೆರೆಗಳೂ ಅಳಿಯುತ್ತವೆ. ತಣ್ಣಗಾದರೆ ಸುತ್ತಿಗೆಗೆ ಬಗ್ಗದೆ ಸೀಳುತ್ತದೆ. ಕೆಂಡದ ಕೆಂಪು ಮತ್ತು ಕಿತ್ತಳೆ ಬಣ್ಣದ ನಡುವಿನ ಕಿರಿದಾದ ಹದದಲ್ಲಿ ಕಾಯಿಸಿ, ಅಡೆಗಲ್ಲಿನ ಮೇಲಿಟ್ಟು ಕೆಲವು ಪೆಟ್ಟು ಹಾಕಿ, ಮತ್ತೆ ಕುಲುಮೆಗೆ ಇಡಬೇಕು. ಒಂದು ಅಲಗಿಗೆ ಇಂಥ ಹತ್ತಾರು ಸರದಿ. ಅಲಗು ಖಡ್ಗದಷ್ಟು ಉದ್ದವಾದರೆ ತಾಳ್ಮೆಯೂ ಅಷ್ಟೇ ಉದ್ದವಾಗಬೇಕು.

ಆದರೂ ಒಮ್ಮೆ ಗೆರೆ ಮೂಡುತ್ತಿತ್ತು, ಇನ್ನೊಮ್ಮೆ ಮೂಡುತ್ತಿರಲಿಲ್ಲ. ಇಲ್ಲಿ ಪೆಂಡ್ರೆಯವರಿಗೆ ಜೊತೆಯಾದವರು ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವೆರ್ಹೋವೆನ್. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯದಿಂದ ಬಂದ ಹಳೆಯ ಅಲಗುಗಳ ತುಂಡುಗಳನ್ನು ವೆರ್ಹೋವೆನ್ ಪರೀಕ್ಷಿಸಿದರು. ಪೆಂಡ್ರೆಯವರು ತಟ್ಟುತ್ತ ಹೋದರು. ಇಬ್ಬರೂ ಸೇರಿ 1998ರಲ್ಲಿ ಪ್ರಕಟಿಸಿದ ಉತ್ತರ ಅನಿರೀಕ್ಷಿತವಾಗಿತ್ತು. ಗುಟ್ಟು ಇದ್ದುದು ಉಕ್ಕಿನ ಶುದ್ಧತೆಯಲ್ಲಲ್ಲ, ಕಲ್ಮಷದಲ್ಲಿ. ವನಾಡಿಯಮ್ ಎಂಬ ಧಾತು ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಸಾಕು. ಕಾಯಿಸಿ ಆರಿಸುವ ಪ್ರತಿಯೊಂದು ಸರದಿಯಲ್ಲಿಯೂ ಕಬ್ಬಿಣ ಮತ್ತು ಇಂಗಾಲ ಕೂಡಿದ ಗಡಸು ಕಣಗಳು ಆ ಕಲ್ಮಷವಿರುವ ಪದರಗಳಲ್ಲಿಯೇ ಸಾಲುಗೂಡುತ್ತವೆ. ಆ ಸಾಲುಗಳೇ ಕಣ್ಣಿಗೆ ಅಲೆಗಳಾಗಿ ಕಾಣುವುದು. ಉಜ್ಜಿ ನುಣುಪಾಗಿಸಿದ ಅಲಗಿಗೆ ಆಮ್ಲ ಸವರಿದಾಗ ನಡುವಿನ ಉಕ್ಕು ಕಪ್ಪಾಗುತ್ತದೆ, ಕಣಗಳ ಸಾಲು ಬೆಳ್ಳಗೆ ಉಳಿಯುತ್ತದೆ. ಹಳೆಯ ಖಡ್ಗಗಳಲ್ಲಿ ಕಾಣುವ ಏಣಿಯ ಮೆಟ್ಟಿಲಿನಂಥ ಅಡ್ಡಪಟ್ಟಿಗಳನ್ನೂ ಪೆಂಡ್ರೆ ಸಾಧಿಸಿದರು: ಅಲಗಿನ ಮೇಲೆ ಅಡ್ಡಲಾಗಿ ಕಚ್ಚು ತೆಗೆದು, ಮತ್ತೆ ಕಾಯಿಸಿ ಸಮತಟ್ಟಾಗಿ ತಟ್ಟಿದರು.

ಹಾಗಿದ್ದರೆ ವಿದ್ಯೆ ಅಳಿದುದೇಕೆ? ಅದಿರು ಬದಲಾದುದೇ ಕಾರಣವಿರಬೇಕೆಂದು ಈ ಇಬ್ಬರ ಊಹೆ. ಬೇರೆ ಗಣಿಯ ಅದಿರಿನಲ್ಲಿ ಆ ಕಿಂಚಿತ್ ಕಲ್ಮಷ ಇಲ್ಲದೆ ಹೋದಾಗ, ತಂದೆ ಕಲಿಸಿದ ಕ್ರಮವನ್ನು ಮಗ ತಪ್ಪದೆ ನಡೆಸಿದರೂ ಗೆರೆ ಮೂಡಲಿಲ್ಲ; ಒಂದೆರಡು ತಲೆಮಾರಿನಲ್ಲಿ ಕ್ರಮವೂ ಮರೆತುಹೋಯಿತು. ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನಲ್ಲಿ ಎರಡು ಊರುಗಳ ಕಬ್ಬಿಣವನ್ನು ಬೆರೆಸಿ ಮೂಸೆಗೆ ಹಾಕುತ್ತಿದ್ದರೆಂಬ ದಾಖಲೆಯನ್ನು ನೋಡಿದರೆ, ಯಾವ ಮಣ್ಣಿನ ಕಬ್ಬಿಣ ಎಂಬುದು ಆ ಕಮ್ಮಾರರಿಗೂ ಚೆನ್ನಾಗಿ ತಿಳಿದಿತ್ತೆನ್ನಬೇಕು. ಆದರೆ ಇಷ್ಟರಿಂದಲೇ ಎಲ್ಲವನ್ನೂ ವಿವರಿಸಲಾಗದು. ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಉಕ್ಕು ಸಂತೆಗೆ ಬಂದುದು, ಇದ್ದಿಲಿಗೆ ಬೇಕಾದ ಕಾಡು ಕೈಗೆಟುಕದಂತಾದುದು, ಖಡ್ಗಕ್ಕೇ ಬೇಡಿಕೆ ಕುಗ್ಗಿದುದು, ಇವೆಲ್ಲವೂ ಕುಲುಮೆಯ ಬೆಂಕಿಯನ್ನು ಆರಿಸಿದವು. ಆ ವಿದ್ಯೆಯ ವಿವರಗಳಾದರೂ ಇಂದು ಹೆಚ್ಚಾಗಿ ದೊರೆಯುವುದು ಪರದೇಶದ ಪ್ರವಾಸಿಗಳ ಬರೆಹಗಳಲ್ಲಿ. ಮೂಸೆಯ ಮುಂದೆ ಬೆವರು ಸುರಿಸಿದವರ ಮಾತು ಅಲ್ಲಿ ಕೇಳಿಸುವುದು ಅಪರೂಪ.

ಪೆಂಡ್ರೆ 2017ರಲ್ಲಿ ತೀರಿಕೊಂಡರು. ಅವರ ದಾರಿ ಹಿಡಿದು ಮನೆಯ ಕುಲುಮೆಗಳಲ್ಲಿ ಮೂಸೆಯ ಉಕ್ಕನ್ನು ಕರಗಿಸಿ ಅಲಗು ತಟ್ಟುವವರು ಇಂದು ಹಲವು ದೇಶಗಳಲ್ಲಿದ್ದಾರೆ. ಆ ಉಕ್ಕನ್ನು ಅವರು ಈಗಲೂ ‘ವೂಟ್ಜ್’ ಎಂದೇ ಕರೆಯುತ್ತಾರೆ. ಇತ್ತ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಪುರಾತತ್ವಜ್ಞರಿಗೆ ದೊರೆತಿರುವುದು ಒಡೆದ ಮೂಸೆಗಳ ಚೂರುಗಳು. ಬೆಂಕಿಯ ತಾಪಕ್ಕೆ ಅವುಗಳ ಹೊರಮೈ ಗಾಜಿನಂತೆ ಕರಗಿ ಹೊಳಪೇರಿದೆ.